ಬೇಕರಿಯ ಬೂದಿ, ಆಸ್ಪತ್ರೆಯ ಸೋಪು

ಅವಳ ನಿಜವಾದ ಹೆಸರೇನೆಂದು ಕೇಳಿದರೆ ಆ ಬೀದಿಯ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ನೊರೆಯಮ್ಮ ಎನ್ನಿ ಸಾಕು, ಯಾರು ಬೇಕಾದರೂ ನಿಮ್ಮನ್ನು ಮೂಲೆಮನೆಯ ಹಿತ್ತಲಿಗೆ ಕರೆದೊಯ್ದು ತಗಡಿನ ಶೆಡ್ಡಿನ ಮುಂದೆ ನಿಲ್ಲಿಸುತ್ತಾರೆ. ಇಣುಕಿದರೆ ಒಲೆಯ ಮೇಲೊಂದು ಭಾರಿ ಕೊಪ್ಪರಿಗೆ, ಗೋಡೆಗೆ ಒರಗಿಸಿದ ಮರದ ಹುಟ್ಟು, ಸಾಲಾಗಿ ನಿಂತ ಬಿಳಿ ಕ್ಯಾನುಗಳು, ಇವುಗಳ ನಡುವೆ ಮೊಣಕೈವರೆಗೆ ರಬ್ಬರ್ ಗವಸು ತೊಟ್ಟು ಯಾರನ್ನಾದರೂ ಬೈಯುತ್ತಿರುವ ಒಬ್ಬ ಹೆಂಗಸು. ಬೈಯಲು ಯಾರೂ ಸಿಗದ ದಿನ ಒಲೆಯನ್ನಾದರೂ ಬೈಯುತ್ತಾಳೆ. ಅವಳ ಬಾಯಿಗೆ ಹೆದರಿದವರುಂಟು, ಅವಳ ಸೋಪನ್ನು ಬೇಡ ಎಂದವರಿಲ್ಲ.

ಅವಳೇನೂ ಹುಟ್ಟುತ್ತಲೇ ಸೋಪಿನವಳಲ್ಲ. ಮೊದಲು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಕೈ ತೊಳೆಯಬೇಕು, ಅದು ಅಲ್ಲಿನ ಕಟ್ಟುನಿಟ್ಟು. ತೊಳೆಯಲು ಇಟ್ಟಿದ್ದ ಸೋಪೋ, ದೇವರೇ ಗತಿ! ಕೊಳೆಗಿಂತ ಮೊದಲು ಚರ್ಮ ಕಿತ್ತು ಬರುತ್ತಿತ್ತು. ಚಳಿಗಾಲ ಬಂತೆಂದರೆ ಆಯಾಗಳಿಗೂ ನರ್ಸುಗಳಿಗೂ ಬೆರಳ ಸಂದಿಯೆಲ್ಲ ಬಿರುಕು. ನರ್ಸುಗಳಿಗೆಲ್ಲ ಮೇಲಿನವರು ಒಬ್ಬರಿದ್ದರು, ದೊಡ್ಡ ಸಿಸ್ಟರ್ ಎಂದೇ ಎಲ್ಲರೂ ಕರೆಯುವುದು. ಒಂದು ದಿನ ಅವರು ಕಟ್ಟಿದ ಬ್ಯಾಂಡೇಜಿನ ಮೇಲೆ ಅವರ ಬೆರಳಿನದೇ ರಕ್ತ ಅಂಟಿತು. ಅದನ್ನು ನೋಡಿ ಅವರು, "ಕೈ ತೊಳೆಯೋಕೇ ಹೆದರಿಕೆ ಆದ್ರೆ ಯಾರು ತೊಳೀತಾರೆ ಹೇಳು?" ಎಂದರು. ನೊರೆಯಮ್ಮನ ತಲೆಗೆ ಆ ಮಾತು ಹುಳುವಾಗಿ ಹೊಕ್ಕಿತು.

ಹುಳು ಹೊಕ್ಕಮೇಲೆ ಅವಳನ್ನು ಹಿಡಿಯುವವರುಂಟೇ? ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಒಬ್ಬ ಮುದುಕನಿಗೆ ಮೆದು ಸೋಪು ಕಾಯಿಸುವ ವಿದ್ಯೆ ಗೊತ್ತಿತ್ತು. ರಜೆಯ ದಿನವೆಲ್ಲ ಅವನ ಬೆನ್ನು ಬಿದ್ದು ಕಲಿತಳು. ಮನೆಯ ಅಡುಗೆ ಕೋಣೆಯಲ್ಲಿ ಮೊದಲ ಬಾರಿ ಕಾಯಿಸಿದ ದಿನ ಪಾತ್ರೆ ಉಕ್ಕಿ ನೆಲವೆಲ್ಲ ಸೋಪಾಯಿತು, ಅತ್ತೆ ಒಳಗೆ ಕಾಲಿಟ್ಟವರು ಸೀದಾ ಹಿಂದಿನ ಬಾಗಿಲಲ್ಲಿ ಹೊರಗೆ ಹೋಗಿ ಕುಳಿತರು, ನಡೆಯುವ ಕಷ್ಟವೇ ಇಲ್ಲದೆ. "ಸೋಪು ಮಾಡ್ತೀಯೋ, ನನ್ನ ಸೊಂಟ ಮುರೀತೀಯೋ?" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಂದಿನಿಂದ ಕೆಲಸ ಹಿತ್ತಲಿನ ಶೆಡ್ಡಿಗೆ ಹೋಯಿತು. ಕೊನೆಗೆ ಅವಳ ತಿಳಿಯಾದ ಕೈಸೋಪು ಒಂದು ವಾರ್ಡಿಗೆ ಹೋಯಿತು, ಆಮೇಲೆ ಇನ್ನೊಂದಕ್ಕೆ, ಆಮೇಲೆ ಇಡೀ ಆಸ್ಪತ್ರೆಗೆ. ಆಯಾ ಕೆಲಸ ಬಿಟ್ಟಳು. ಲಾರಿ ಓಡಿಸುವ ಗಂಡ ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. "ನಿನಗೆ ಸರಿ ಅನ್ನಿಸಿದ್ರೆ ನನಗೂ ಸರಿ" ಎಂದು ಫೋನಿನಲ್ಲಿ ಹೇಳಿ ಗೇರ್ ಬದಲಿಸಿದ.

ಆ ಗಂಡನ ತಂಗಿಯೇ ಗುಬ್ಬಿ. ಇದು ಮನೆಯ ಮುದ್ದಿನ ಹೆಸರು. ಮದುವೆಯಾಗಿ ಹೋದವಳು ಒಂದು ಮಧ್ಯಾಹ್ನ ಊದಿದ ಕೆನ್ನೆಯೊಂದಿಗೆ ತವರಿಗೆ ಬಂದು ನಿಂತಳು. ಅಳಿಯ ಕೈ ಎತ್ತುತ್ತಾನೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವಳ ತಾಯಿ, ಅಂದರೆ ನೊರೆಯಮ್ಮನ ಅತ್ತೆ, ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟರು. ಮನೆ ಅತ್ತೆಯದು, ಶೆಡ್ಡೂ ಅತ್ತೆಯದು. ನೊರೆಯಮ್ಮ ಗುಬ್ಬಿಯನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಅತ್ತೆ ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದರು.

"ತನ್ನ ಸಂಬಳ ತಾನು ದುಡಿಯೋವರೆಗೆ ಇರ್ಲಿ. ನೋಡಿದವರಿಗೆ ಕೆಲಸಕ್ಕೆ ಬಂದಿದ್ದಾಳೆ ಅಂತ ಹೇಳಬಹುದು. ಕೆಲಸ ನಿಂತ ದಿನ ಅವಳ ಮನೆಗೆ ಅವಳು. ಗಂಡನ್ನ ಬಿಟ್ಟು ಬಂದು ಸುಮ್ನೆ ಕೂತಿದ್ದಾಳೆ ಅನ್ನೋ ಮಾತು ನಾನು ಕೇಳಲ್ಲ."

"ನಿಲ್ಲಲ್ಲ ಬಿಡಿ ಅತ್ತೆ" ಎಂದಳು ನೊರೆಯಮ್ಮ. "ಜನ ಕೈ ತೊಳೆಯೋದು ನಿಲ್ಲಿಸಿದ್ರೆ ತಾನೇ ನನ್ನ ಕೆಲಸ ನಿಲ್ಲೋದು."

ಅವಳು ಹಾಗೆ ಎದೆ ತಟ್ಟಿ ಹೇಳಿದ್ದೇನೋ ಸರಿ. ಜನ ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ, ನಿಂತದ್ದು ಪೊಟ್ಯಾಷ್.

ಎಣ್ಣೆ ಸೋಪಾಗಬೇಕಾದರೆ ಅದಕ್ಕೆ ಖಾರದ ಕ್ಷಾರವೊಂದು ಬೀಳಬೇಕು. ನೊರೆಯಮ್ಮ ಹಾಕುತ್ತಿದ್ದದ್ದು ಕಾಸ್ಟಿಕ್ ಪೊಟ್ಯಾಷ್, ಬಿಳಿ ಚಕ್ಕೆಯ ರೂಪದಲ್ಲಿ ಡ್ರಮ್ಮಿನಲ್ಲಿ ಬರುವ ಮಾಲು. ಅದನ್ನು ಮಾರುತ್ತಿದ್ದ ಸಾಹುಕಾರರ ಅಂಗಡಿಯ ಗೋಡೆಯ ತುಂಬ ಒಂದು ಪ್ರಪಂಚದ ಭೂಪಟವಿತ್ತು, ಆದ್ದರಿಂದ ಬೀದಿಯವರು ಅವರಿಗಿಟ್ಟ ಹೆಸರು ಭೂಪಟದ ಸಾಹುಕಾರರು. ನೀವು ಒಂದು ಪೊಟ್ಟಣ ಬಣ್ಣ ಕೇಳಿದರೂ ಸರಿ, ಅದು ಯಾವ ಸಮುದ್ರ ದಾಟಿ ಬಂತು ಎಂದು ಕೋಲು ಹಿಡಿದು ತೋರಿಸದೆ ಕೊಡುವ ಆಸಾಮಿಯಲ್ಲ.

ಆ ದಿನ ನೊರೆಯಮ್ಮ ಹೋದಾಗ ಅವರ ಕೋಲು ಭೂಪಟದ ಮೇಲ್ಗಡೆ, ವರ್ಷವೆಲ್ಲ ಚಳಿ ಇರುವ ಕಡೆ ನಿಂತಿತ್ತು.

"ಇಲ್ಲಿ ನೋಡಿ ತಾಯಿ. ಪೊಟ್ಯಾಷ್ ಉಪ್ಪು ನೆಲದ ಆಳದಲ್ಲಿ ಸಿಗೋದು, ಅದೂ ಎಲ್ಲೋ ಕೆಲವು ದೇಶದಲ್ಲಿ. ಅಲ್ಲಿ ಒಂದು ದೊಡ್ಡ ಗಣಿಗೆ ನೀರು ನುಗ್ಗಿದೆ. ಆ ಉಪ್ಪನ್ನ ನೀರಲ್ಲಿ ಕರಗಿಸಿ ಕರೆಂಟ್ ಹಾಯಿಸಿದ್ರೆ ನಿಮ್ಮ ಕಾಸ್ಟಿಕ್ ಆಗೋದು. ಕರೆಂಟಿನ ರೇಟು ಆಕಾಶಕ್ಕೆ ಹೋಗಿ ಆ ಫ್ಯಾಕ್ಟರಿಗಳೂ ಅರ್ಧ ಬಾಗಿಲು ಹಾಕಿವೆ."

"ಅಲ್ಲಿ ಗಣಿಗೆ ನೀರು ನುಗ್ಗಿದ್ರೆ ಇಲ್ಲಿ ನನ್ನ ಬಾಯಿಗೆ ಯಾಕೆ ಮಣ್ಣು, ಸಾಹುಕಾರ್ರೇ?"

"ಇರೋ ಮಾಲಿಗೆ ಜಗಳ ಬಿದ್ದಿದೆಯಲ್ಲ! ಗೊಬ್ಬರದವರಿಗೆ ಬೇಕು. ಬ್ಯಾಟರಿಯವರಿಗೆ ಬೇಕು. ಗಾಜಿನವರಿಗೆ ಬೇಕು. ಚಳಿ ದೇಶದಲ್ಲಿ ವಿಮಾನ ಇಳಿಯೋ ರಸ್ತೆ ಮೇಲಿನ ಹಿಮ ಕರಗಿಸೋಕೂ ಇದರಿಂದ ಮಾಡಿದ ಮಾಲೇ ಬೇಕಂತೆ. ಅವರೆಲ್ಲ ಹಡಗುಗಟ್ಟಲೆ ಮೊದಲೇ ಹಿಡಿದಿಟ್ಟುಕೊಂಡಿದ್ದಾರೆ. ನಿಮ್ಮ ಸೋಪು ಸಾಲಿನ ಕೊನೇಲಿ ನಿಂತಿದೆ."

"ಅವರು ಹಿಮ ಕರಗಿಸಲಿ, ಬೇಡ ಅನ್ನಲ್ಲ. ನಾನು ಕೊಳೆ ಕರಗಿಸೋದು ಬೇಡ್ವಾ?"

ಸಾಹುಕಾರರು ಕೋಲು ಕೆಳಗಿಟ್ಟು ಪೆಚ್ಚುನಗೆ ನಕ್ಕರು. ಡ್ರಮ್ಮಿನ ತಳದಲ್ಲಿ ಉಳಿದಿದ್ದನ್ನು ಕೆರೆದು ಕೊಟ್ಟರು, ಹಡಗು ಬಂದ ಕೂಡಲೇ ಹೇಳಿ ಕಳಿಸುತ್ತೇನೆ ಎಂದರು. ಆ ಚೂರುಪಾರು ಮಾಲಿನಲ್ಲಿ ಒಂದು ಕೊಪ್ಪರಿಗೆ ಸೋಪಾಯಿತು. ಆಮೇಲೆ ಶೆಡ್ಡಿನಲ್ಲಿ ಉಳಿದದ್ದು ಎಣ್ಣೆ ಮಾತ್ರ.

ಮುಂದಿನ ವಾರ ಆ ಕೊಪ್ಪರಿಗೆಯ ಕ್ಯಾನುಗಳನ್ನು ಆಸ್ಪತ್ರೆಗೆ ಮುಟ್ಟಿಸಲು ನೊರೆಯಮ್ಮ ಬೆಳಿಗ್ಗೆಯೇ ಹೊರಟಳು. ಹೊರಡುವಾಗ ಗುಬ್ಬಿಗೆ, "ಸಾಹುಕಾರರ ಅಂಗಡಿಗೆ ಹೋಗಿ ನೋಡು, ಏನಾದ್ರೂ ಬಂದಿದ್ರೆ ಎಷ್ಟು ಕೊಟ್ಟರೆ ಅಷ್ಟು ಹೊತ್ತುಕೊಂಡು ಬಾ" ಎಂದಳು. ಅಂಗಡಿಯಲ್ಲಿ ಸಾಹುಕಾರರಿರಲಿಲ್ಲ. ಇದ್ದದ್ದು ಗುಮಾಸ್ತ. ಅವನು ಪೊಟ್ಯಾಷ್ ಇಲ್ಲ ಎಂದು ಕೈ ಆಡಿಸಿದ, ಮತ್ತೆ ಪಕ್ಕದ ಡ್ರಮ್ಮಿನ ಮೇಲೆ ತಟ್ಟಿ, "ಕಾಸ್ಟಿಕ್ ಸೋಡಾ ಬೇಕಾದಷ್ಟಿದೆ. ಅದೂ ಕಾಸ್ಟಿಕ್ಕೇ, ಇದೂ ಕಾಸ್ಟಿಕ್ಕೇ. ಸೋಪಿನವರೆಲ್ಲ ಇದನ್ನೇ ತಗೊಂಡು ಹೋಗೋದು" ಎಂದ. ಗುಬ್ಬಿ ಮುಚ್ಚಳ ತೆಗೆಸಿ ನೋಡಿದಳು. ಅದೇ ಬಿಳಿ ಚಕ್ಕೆ, ಅದೇ ಮೂಗಿಗೆ ಹತ್ತುವ ಗಾಟು. ಬೆಲೆಯೂ ಎಷ್ಟೋ ಕಡಿಮೆ. ಅತ್ತಿಗೆಯ ಕಷ್ಟ ಒಂದೇ ಏಟಿಗೆ ಕಳೆಯಿತು ಎಂದು ಅವಳಿಗೆ ಹಿಗ್ಗೋ ಹಿಗ್ಗು. ಅತ್ತಿಗೆ ಬರುವಷ್ಟರಲ್ಲಿ ಕಾಯಿಸಿ ಮುಗಿಸಿ ಬೆರಗುಗೊಳಿಸಬೇಕೆಂದು ಇದ್ದ ಎಣ್ಣೆಯನ್ನೆಲ್ಲ ಕೊಪ್ಪರಿಗೆಗೆ ಸುರಿದಳು.

ಗುಮಾಸ್ತ ಸುಳ್ಳು ಹೇಳಿರಲಿಲ್ಲ ನೋಡಿ. ಬಿಲ್ಲೆ ಸೋಪಿನವರು ಸೋಡಾವನ್ನೇ ಹಾಕುವುದು. ಸೋಡಾ ಹಾಕಿದರೆ ಸೋಪು ಗಟ್ಟಿ, ಪೊಟ್ಯಾಷ್ ಹಾಕಿದರೆ ಮೆದು. ಗುಬ್ಬಿ ಕಂಡದ್ದು ಅತ್ತಿಗೆಯ ಸೋಪೊಂದೇ. ಅದು ಗಟ್ಟಿಯಾಗಲೂ ಬಲ್ಲದು ಎಂದು ಅವಳಿಗೆ ಯಾರು ಹೇಳಿದ್ದರು? ಸಂಜೆ ಬಂದ ನೊರೆಯಮ್ಮ ಸುಸ್ತಾಗಿ ಶೆಡ್ಡಿಗೆ ಹೋಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕೊಪ್ಪರಿಗೆಯ ನಡುವೆ ಮರದ ಹುಟ್ಟು ತನ್ನಷ್ಟಕ್ಕೆ ನೆಟ್ಟಗೆ ನಿಂತಿದೆ. ಎಳೆದಳು, ಬರಲಿಲ್ಲ. ಕಾಲು ಕೊಟ್ಟು ಎಳೆದಳು, ಕೊಪ್ಪರಿಗೆಯೇ ಅಲುಗಿತು. ಅಷ್ಟೂ ಎಣ್ಣೆ ಒಂದೇ ಬಂಡೆಯಾಗಿತ್ತು.

"ಏನೇ ಹಾಕಿದೆ ಇದಕ್ಕೆ?" ಎಂದು ಅವಳು ಕೂಗಿದ ಕೂಗಿಗೆ ತಗಡು ನಡುಗಿತು.

ಗುಬ್ಬಿ ಓಡಿಬಂದಳು, ನೋಡಿದಳು, ಬಣ್ಣಗೆಟ್ಟಳು. ನೊರೆಯಮ್ಮ ಅವಳ ಕಡೆಗೆ ತಿರುಗಿ ಒಂದು ಹೆಜ್ಜೆ ಇಟ್ಟಳು ಅಷ್ಟೇ. ಗುಬ್ಬಿ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕುಸಿದು ಕುಳಿತಳು.

ನೊರೆಯಮ್ಮನ ಕಾಲು ಅಲ್ಲೇ ನಿಂತಿತು. ಬಾಯಿಗೆ ಬಂದಿದ್ದ ಬೈಗುಳವೆಲ್ಲ ಹಾಗೆಯೇ ಒಳಗೆ ಹೋಯಿತು. ಹೋದ ಎಣ್ಣೆಯನ್ನು ಅವಳು ಮರೆತೇಬಿಟ್ಟಳು.

"ಏ ಹುಡುಗಿ, ಕೈ ತೆಗಿ" ಎಂದಳು ಮೆಲ್ಲಗೆ. "ನಾನು ಹೊಡೀತೀನಿ ಅಂದ್ಕೊಂಡ್ಯಾ?"

ಗುಬ್ಬಿ ಕೈ ತೆಗೆಯಲಿಲ್ಲ. ಬೆರಳುಗಳ ಸಂದಿಯಿಂದಲೇ, "ಅತ್ತಿಗೆ, ನನ್ನ ಕಳಿಸಿಬಿಡ್ತೀರಾ?" ಎಂದಳು.

"ಕಳಿಸೋದಾ? ಈ ಬಂಡೆ ಒಡೆಯೋಕೆ ನಾನೊಬ್ಬಳೇ ಇರ್ಬೇಕಾ? ಏಳು, ಗುದ್ದಲಿ ತಗೊಂಡು ಬಾ" ಎಂದಳು ನೊರೆಯಮ್ಮ. ತಾನೇ ಬಗ್ಗಿ ಆ ಹುಡುಗಿಯನ್ನು ಎತ್ತಿ ನಿಲ್ಲಿಸಿದಳು. ಏನೇ ಆಗಲಿ, ಆಕಾಶವೇ ಕಳಚಿ ಬೀಳಲಿ, ಇವಳನ್ನು ಆ ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ ಎಂದು ನೊರೆಯಮ್ಮ ಆ ಕ್ಷಣ ಗಟ್ಟಿ ಮನಸ್ಸು ಮಾಡಿದಳು. ಹಾಗೆ ಮನಸ್ಸು ಮಾಡುವುದು ಸುಲಭ. ಆಸ್ಪತ್ರೆಗೆ ಮುಂದಿನ ಸರದಿಯ ಸೋಪು ಕೊಡದಿದ್ದರೆ ಆ ಆರ್ಡರು ಹೋಗುತ್ತದೆ, ಆರ್ಡರು ಹೋದರೆ ಸಂಬಳವಿಲ್ಲ, ಸಂಬಳವಿಲ್ಲದಿದ್ದರೆ ಅತ್ತೆಯ ಮಾತು ತಲೆಯ ಮೇಲೆ ಇದ್ದೇ ಇದೆ.

ಗಟ್ಟಿ ಸೋಪನ್ನು ಗುದ್ದಲಿಯಿಂದ ಒಡೆದು ಲಾಂಡ್ರಿಗೆ ಬಂದಷ್ಟಕ್ಕೆ ಮಾರಿ, ಆ ದುಡ್ಡಿಗೆ ಎಣ್ಣೆ ತಂದದ್ದಾಯಿತು. ಆಮೇಲೆ ನೊರೆಯಮ್ಮ ಮತ್ತೆ ಭೂಪಟದ ಮುಂದೆ ಹೋಗಿ ನಿಂತಳು. ಗುಮಾಸ್ತನಿಗೆ ಎರಡು ಮಾತು ಹಾಕಿ ಮನಸ್ಸು ಹಗುರ ಮಾಡಿಕೊಂಡು, ಸಾಹುಕಾರರನ್ನು ಕೇಳಿದಳು.

"ಹಡಗಿನ ಮಾತು ಬಿಡಿ. ನೆಲ ತೋಡೋಕೆ ಮೊದಲು ಜನ ಸೋಪೇ ಮಾಡ್ತಿರ್ಲಿಲ್ವಾ? ಆಗ ಪೊಟ್ಯಾಷ್ ಎಲ್ಲಿಂದ ತರ್ತಿದ್ರು?"

ಸಾಹುಕಾರರಿಗೆ ಬೇಕಾಗಿದ್ದೂ ಇಂಥ ಪ್ರಶ್ನೆಯೇ. ಕೋಲು ಎತ್ತಿಕೊಂಡರು. ಗಣಿಗಳು ಬರುವುದಕ್ಕೆ ಮುಂಚೆ ಕಾಡು ಸುಟ್ಟು, ಬೂದಿಯನ್ನು ನೀರಲ್ಲಿ ನೆನೆಸಿ, ಆ ನೀರು ಇಂಗಿಸಿ ಉಪ್ಪು ತೆಗೆಯುತ್ತಿದ್ದರು, ಅದೇ ಹಡಗು ಹತ್ತಿ ಪ್ರಪಂಚ ಸುತ್ತುತ್ತಿತ್ತು ಎಂದು ಭೂಪಟದ ಮೇಲೆಲ್ಲ ಗೆರೆ ಎಳೆದರು. "ಗಣಿ ಬಂದಮೇಲೆ ಅದನ್ನೆಲ್ಲ ಯಾರು ಮಾಡ್ತಾರೆ ಬಿಡಿ. ಒಂದು ಗಾಡಿ ಬೂದಿಗೆ ಒಂದು ಹಿಡಿ ಮಾಲು" ಎಂದು ನಿಟ್ಟುಸಿರಿಟ್ಟರು.

"ಗಣಿಗೆ ನೀರು ನುಗ್ಗಿದ್ರೆ ನುಗ್ಗಲಿ. ಬೂದಿಗೇನು ಬರ ಬಂದಿಲ್ವಲ್ಲ?" ಎಂದಳು ನೊರೆಯಮ್ಮ.

"ತಾಯಿ, ನಾನೇನೋ ಕಥೆ ಹೇಳಿದೆ. ನೀವು ನಿಜ ಮಾಡೋಕೆ ಹೊರಟ್ರಾ?"

"ನಿಮ್ಮ ಕಥೆಗೆ ಏನು ಹಾಕ್ತಿದ್ರು, ಹೇಗೆ ಕಾಯಿಸ್ತಿದ್ರು, ಅದನ್ನ ಸರಿಯಾಗಿ ಹೇಳಿ. ಸುಮ್ನೆ ಗೆರೆ ಎಳೀಬೇಡಿ."

ಸಾಹುಕಾರರು ತಮಗೆ ಗೊತ್ತಿದ್ದದ್ದನ್ನು ಹೇಳಿದರು, ಗೊತ್ತಿಲ್ಲದ್ದನ್ನು ಹಳೆಯ ಪುಸ್ತಕ ತೆಗೆದು ನೋಡಿ ಹೇಳಿದರು. ಬೂದಿಯ ನೀರಿಗೆ ಅರಳಿಸಿದ ಸುಣ್ಣ ಬೆರೆಸಬೇಕು, ಸುಣ್ಣದ ಬಿಳಿ ತಳಕ್ಕೆ ಕೂತಮೇಲೆ ಮೇಲೆ ನಿಂತ ತಿಳಿಯೇ ಕಾಸ್ಟಿಕ್ ಪೊಟ್ಯಾಷ್. ಅದನ್ನು ಕುದಿಸಿ ಕುದಿಸಿ ಖಾರವಾಗಿಸಬೇಕು. ಸುಣ್ಣದ ಚೀಲವನ್ನು ಅವರೇ ಪುಕ್ಕಟೆ ಕೊಟ್ಟರು. ಕಥೆ ಹೇಳಿದ ತಪ್ಪಿಗೆ ದಂಡವಿರಬೇಕು.

ಮೊದಲ ಬೂದಿ ತಂದದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರಿನಿಂದ. ಗುಬ್ಬಿಯೂ ಅತ್ತಿಗೆಯೂ ಕೈಗಾಡಿಯಲ್ಲಿ ಗುಡ್ಡದಷ್ಟು ತುಂಬಿಕೊಂಡು, ಕಣ್ಣು ಮೂಗಿಗೆಲ್ಲ ಬಳಿದುಕೊಂಡು ಬಂದರು. ನೆನೆಸಿದರು, ಸೋಸಿದರು, ಕುದಿಸಿದರು. ಖಾರವಿದ್ದರೆ ನೀರು ಬೆರಳಿಗೆ ಜಾರಬೇಕು, ಇದರಲ್ಲಿ ಜಾರು ಕೂಡ ಹತ್ತಲಿಲ್ಲ. ಅದು ಕಲ್ಲಿದ್ದಲಿನ ಬೂದಿ, ಅದರಲ್ಲಿ ಮಣ್ಣಲ್ಲದೆ ಏನಿರುತ್ತದೆ? ಮರದ್ದೇ ಬೇಕು ಎಂದು ಪುಸ್ತಕದಲ್ಲಿ ಬರೆದಿತ್ತಂತೆ, ಸಾಹುಕಾರರು ಆ ಪುಟವನ್ನು ಅವಸರದಲ್ಲಿ ಹಾರಿಸಿದ್ದರು. ಅತ್ತೆ ಕಿಟಕಿಯಿಂದ ನೋಡಿ ಮೂಗು ಮುರಿದರು. "ಮನೆ ತುಂಬ ಬೂದಿ ಮಾಡ್ಕೊಂಡು ಕೂತಿದ್ದಾರೆ ಇಬ್ಬರೂ. ಇದನ್ನ ಕೆಲಸ ಅಂತಾರಾ? ಕೆಲಸ ಯಾವತ್ತೋ ನಿಂತು ಹೋಗಿದೆ."

ಆ ಮಾತು ನೊರೆಯಮ್ಮನ ಕಿವಿಗೆ ಬಿತ್ತು. ಅವಳು ಖಾಲಿ ಕೈಗಾಡಿ ತಳ್ಳಿಕೊಂಡು ಮರದ ಬೂದಿ ಹುಡುಕಲು ಹೊರಟಳು.

ಮರದ ಬೂದಿ ಸಿಕ್ಕಿದ್ದು ಬೇಕರಿಯಲ್ಲಿ. ಸೌದೆ ಒಲೆಯಲ್ಲಿ ಬ್ರೆಡ್ ಸುಡುವ ಹಳೆಯ ಬೇಕರಿ ಅದು. ಬೇಕರಿಯಣ್ಣ ಬೂದಿಯನ್ನು ಹಿಂದಿನ ಗುಂಡಿಗೆ ಎಸೆಯುತ್ತಿದ್ದ. "ತಗೊಂಡು ಹೋಗಿ ಅಕ್ಕ, ನನಗೆ ಪೀಡೆ ಕಳೀತು. ಆದ್ರೆ ಬೂದಿಯಿಂದ ಸೋಪು ಅಂದ್ರಲ್ಲ, ಮುಂದಿನ ವಾರ ಕಲ್ಲಿಂದ ಬ್ರೆಡ್ ಮಾಡೋದು ನನಗೂ ಹೇಳ್ಕೊಡಿ" ಎಂದು ಹಲ್ಲುಬಿಟ್ಟ. "ನಿನ್ನ ಬ್ರೆಡ್ ತಿಂದವರಿಗೆ ಅದು ಗೊತ್ತೇ ಇದೆ" ಎಂದು ನೊರೆಯಮ್ಮ ಅವನ ಬಾಯಿ ಮುಚ್ಚಿಸಿದಳು. ಗುಬ್ಬಿ ಬಹಳ ದಿನದ ಮೇಲೆ ನಕ್ಕಳು, ನಗುತ್ತಲೇ ಬೂದಿ ಜರಡಿ ಹಿಡಿದಳು.

ಈ ಸಲ ನೀರು ಬೆರಳಿಗೆ ಜಾರಿತು. ಸುಣ್ಣ ಬೆರೆಸಿ ತಿಳಿ ತೆಗೆದು, ಕುದಿಸಿ ಇಂಗಿಸುತ್ತ ಹೋದಂತೆ ಚಹಾದ ಬಣ್ಣಕ್ಕೆ ತಿರುಗಿತು. ಸಾಕಷ್ಟು ಖಾರವಾಯಿತೋ ಇಲ್ಲವೋ ಎಂದು ನೋಡಲು ಆಲೂಗಡ್ಡೆ ಬಿಟ್ಟರು. ಮೊದಲು ಮುಳುಗಿತು, ಇನ್ನೊಂದಿಷ್ಟು ಕುದಿಸಿದ ಮೇಲೆ ತೇಲಿತು. ಗುಬ್ಬಿ ಚಪ್ಪಾಳೆ ತಟ್ಟಿದಳು. ಗವಸುಗಳು ಆ ಖಾರಕ್ಕೆ ಒಂದೊಂದಾಗಿ ತೂತುಬಿದ್ದವು, ಇಬ್ಬರ ನಡುವೆ ಉಳಿದ ಒಂದೇ ಜೊತೆಯನ್ನು ಗುಬ್ಬಿ ಅತ್ತಿಗೆಗೇ ತೊಡಿಸಿಬಿಡುತ್ತಿದ್ದಳು. ಬೂದಿಯ ನೀರು ಸಿಡಿದು ಅವಳ ಮುಂಗೈ ಮೇಲೆ ಕೆಂಪು ಗುಳ್ಳೆಗಳೆದ್ದವು. ನೊರೆಯಮ್ಮ ಬೈದು ಬೈದು ಮುಲಾಮು ಹಚ್ಚಿದಳು, ಹೊಸ ಗವಸು ತಂದು ಅವಳ ಕೈಗೆ ತುರುಕಿದಳು. ದಿನಕ್ಕಿಷ್ಟು ಬೂದಿ, ದಿನಕ್ಕಿಷ್ಟು ತಿಳಿ, ಸಿಕ್ಕಷ್ಟಕ್ಕೆ ಒಂದೊಂದು ಸಣ್ಣ ಕಾಯಿಸುವಿಕೆ. ಹೀಗೆ ಕ್ಯಾನುಗಳು ತುಂಬಿದವು. ಬೆಂದಿದೆಯೋ ಎಂದು ತಿಳಿಯಲು ಸೋಪಿನವರು ಒಂದು ಹನಿ ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಾರೆ, ಚುರ್ ಎಂದರೆ ಇನ್ನೂ ಹಸಿ. ಆ ವಾರಗಳಲ್ಲಿ ಇಬ್ಬರ ನಾಲಿಗೆಗೂ ಊಟದ ರುಚಿಯೇ ಗೊತ್ತಾಗುತ್ತಿರಲಿಲ್ಲ.

ಕ್ಯಾನುಗಳನ್ನು ಆಸ್ಪತ್ರೆಗೆ ಒಯ್ದ ದಿನ ದೊಡ್ಡ ಸಿಸ್ಟರ್ ಮೊದಲು ತಾವೇ ಕೈ ತೊಳೆದು ನೋಡಿದರು. "ಬಣ್ಣ ಹೇಗಾದ್ರೂ ಇರ್ಲಿ. ಕೈಗೆ ಹಿತವಾಗಿದೆ" ಎಂದರು. ನೊರೆಯಮ್ಮನ ಎದೆ ಹೂವಾಯಿತು. ಲ್ಯಾಬಿನವರು ಮಾತ್ರ ಪ್ರತಿ ಕ್ಯಾನಿನಿಂದಲೂ ಒಂದಿಷ್ಟು ತೆಗೆದುಕೊಂಡು ಹೋಗಿದ್ದರು. ಅವಳು ಮಧ್ಯಾಹ್ನದವರೆಗೆ ಸ್ಟೋರ್ ರೂಮಿನ ಬೆಂಚಿನ ಮೇಲೆ ಕೂತಳು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ದೊಡ್ಡ ಕಂಪನಿಯೊಂದರ ಮಾರಾಟಗಾರ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನ ಬುಟ್ಟಿಯಲ್ಲಿ ಬಣ್ಣಬಣ್ಣದ ಕೈಸೋಪಿನ ಬಾಟಲಿಗಳಿದ್ದವು.

ಕೊನೆಗೆ ದೊಡ್ಡ ಸಿಸ್ಟರ್ ಹೊರಗೆ ಬಂದರು. ಮುಖ ನೋಡಿದ ಕೂಡಲೇ ನೊರೆಯಮ್ಮನಿಗೆ ಅರ್ಥವಾಯಿತು.

"ಒಂದು ಕ್ಯಾನು ಒಂದು ಥರ ಇದೆ. ಇದು ಚೆನ್ನಾಗಿದೆ, ಇನ್ನೊಂದು ಜಿಡ್ಡು, ಮತ್ತೊಂದರಲ್ಲಿ ಖಾರ ಉಳಿದಿದೆ. ಮಕ್ಕಳ ವಾರ್ಡಲ್ಲಿ ಅಂಥದ್ದು ಇಡೋಕಾಗಲ್ಲ, ನೀನೇ ಹೇಳು."

ಹೇಳುವುದೇನಿತ್ತು? ಲ್ಯಾಬಿನವರ ಮಾತು ನೂರಕ್ಕೆ ನೂರು ನಿಜ. ಬೇರೆ ಬೇರೆ ದಿನದ ಬೂದಿ, ಬೇರೆ ಬೇರೆ ಸೌದೆ, ಒಂದೊಂದು ತಿಳಿಯೂ ಒಂದೊಂದು ಖಾರ. ನಾಲಿಗೆ ದಣಿದು ಸೋತಿತ್ತು. ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. "ಶನಿವಾರದವರೆಗೆ ಅವನನ್ನ ಕೂರಿಸಿರ್ತೀನಿ" ಎಂದು ಬಣ್ಣದ ಬಾಟಲಿಯವನ ಕಡೆ ತೋರಿಸಿದರು ದೊಡ್ಡ ಸಿಸ್ಟರ್. "ಅಷ್ಟರಲ್ಲಿ ಎಲ್ಲ ಒಂದೇ ಥರ ಮಾಡ್ಕೊಂಡು ಬಾ. ಆಮೇಲೆ ನನ್ನ ಕೈಯಲ್ಲಿಲ್ಲ."

ಕ್ಯಾನುಗಳನ್ನು ಆಟೋಗೆ ತುಂಬಿಕೊಂಡು ಮನೆಗೆ ಬರುವ ದಾರಿಯುದ್ದಕ್ಕೂ ಅವಳ ತಲೆ ಓಡುತ್ತಲೇ ಇತ್ತು. ಆಯಾ ದಿನದ ತಿಳಿಯನ್ನು ಆಯಾ ದಿನವೇ ಕಾಯಿಸಿದ್ದೇ ತಪ್ಪು. ತಿಳಿಯನ್ನೆಲ್ಲ ಮೊದಲು ಒಂದೇ ಡ್ರಮ್ಮಿಗೆ ಸುರಿದು ಕಲಕಬೇಕು, ಆಮೇಲೆ ಅದನ್ನೇ ಅಳೆದು ಹಾಕಬೇಕು. ಇದ್ದ ಸೋಪನ್ನೂ ಕೊಪ್ಪರಿಗೆಗೆ ಮರಳಿ ಹಾಕಿ ಬೇಯಿಸಬಹುದು. ಶನಿವಾರಕ್ಕೆ ಆಗುತ್ತದೆ. ಹಲ್ಲು ಕಚ್ಚಿದರೆ ಆಗುತ್ತದೆ.

ಬಾಗಿಲು ದಾಟಿ ಒಳಗೆ ಬಂದರೆ ನಡುಮನೆಯಲ್ಲಿ ಅಳಿಯ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಕೆಲಸ ನಿಂತಿದೆ, ಬಂದು ಕರೆದುಕೊಂಡು ಹೋಗಿ ಎಂದು ಅತ್ತೆಯೇ ಫೋನು ಮಾಡಿದ್ದರು. ಅವರು ಮಂಚದ ಮೇಲೆ ಕೂತು ಮಗಳ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು. ಹಿತ್ತಲ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಶೆಡ್ಡಿನಿಂದ ಹಾಗೇ ಎದ್ದು ಬಂದವಳು, ಮೊಣಕೈವರೆಗೂ ಬೂದಿ.

"ಬಂದ್ಯಾ? ಆಸ್ಪತ್ರೆಯವರು ಏನಂದ್ರು?" ಅತ್ತೆ ಕೇಳಿದರು.

ಒಂದು ಸುಳ್ಳು ಸಾಕಿತ್ತು. ತೆಗೆದುಕೊಂಡರು ಎಂದುಬಿಟ್ಟರೆ ಅಳಿಯ ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದು ಹೋಗಬೇಕು. ಆದರೆ ಬಾಗಿಲ ಹೊರಗೆ ಆಟೋದವನು ಕ್ಯಾನುಗಳನ್ನು ಧಡಧಡ ಇಳಿಸುತ್ತಿದ್ದ.

"ವಾಪಸ್ ಕಳಿಸಿದ್ರು" ಎಂದಳು ನೊರೆಯಮ್ಮ. "ಶನಿವಾರ ಮತ್ತೆ ತಗೊಂಡು ಬಾ ಅಂದ್ರು."

"ಅಂದ್ರೆ ನಿಂತ ಹಾಗೇ" ಎಂದರು ಅತ್ತೆ, 'ಶನಿವಾರ' ಎಂಬುದನ್ನು ಕೇಳಿಸಿಕೊಳ್ಳದೆ.

ಅಳಿಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಆಗಿದ್ದು ಆಗೋಯ್ತು ಅತ್ತೆ. ನಾನೇನು ಮನಸ್ಸಲ್ಲಿ ಇಟ್ಕೊಂಡಿಲ್ಲ" ಎಂದ. ಮನಸ್ಸಲ್ಲಿ ಇಟ್ಟುಕೊಳ್ಳಬೇಕಾದವನು ತಾನೇ ಎಂಬಂತೆ ದೊಡ್ಡತನ ಬೇರೆ! "ಹೋಗು, ಕೈಕಾಲು ತೊಳ್ಕೊಂಡು ಬಾ" ಎಂದು ಹೆಂಡತಿಗೆ ಹೇಳುವಾಗ ಅವನ ಕಣ್ಣು ಅವಳ ಮುಂಗೈ ಮೇಲೆ ಬಿತ್ತು. "ಇದೇನು ಇದು? ಅಕ್ಕ, ನನ್ನ ಹೆಂಡ್ತೀನ ಹೀಗಾ ನೋಡ್ಕೊಳ್ಳೋದು? ನಮ್ಮನೇಲಿದ್ದಾಗ ಇವಳ ಕೈ ಹೀಗಿತ್ತಾ, ನೀವೇ ಹೇಳಿ ಅತ್ತೆ?"

ನೊರೆಯಮ್ಮನ ಬಾಯಿ ತೆರೆಯಿತು. ಬೈಗುಳ ಸಾಲುಗಟ್ಟಿ ಬಂದಿತ್ತು. ಅಷ್ಟರಲ್ಲಿ ಗುಬ್ಬಿ ಒಳಗೆ ಬಂದು, ತನ್ನ ಕೈಗಳನ್ನು ತಾಯಿಯ ಮುಂದೆ ಚಾಚಿದಳು.

"ಸುಟ್ಟಿದೆ, ಹೌದು. ಬೂದಿ ನೀರು ಸಿಡಿದು ಸುಟ್ಟಿದ್ದು. ಪಕ್ಕದ ಮನೆಯವರು ಕೇಳಿದ್ರು, ಬೂದಿ ನೀರು ಸಿಡೀತು ಅಂದೆ. ಬೇಕರಿಯಣ್ಣ ಕೇಳಿದ, ಅವನಿಗೂ ಅದನ್ನೇ ಹೇಳ್ದೆ. ಅಲ್ಲಿದ್ದಾಗ ಗಾಯದ ಸುದ್ದಿ ಕೇಳಿ ನೀನು ಫೋನು ಮಾಡ್ದಾಗೆಲ್ಲ ಬಾಗಿಲು ತಗುಲ್ತು ಅಂತಿದ್ದೆ, ಮೆಟ್ಟಿಲಲ್ಲಿ ಜಾರ್ದೆ ಅಂತಿದ್ದೆ. ಈ ಗಾಯಕ್ಕೆ ನಾನು ಯಾರ ಹತ್ರಾನೂ ಸುಳ್ಳು ಹೇಳ್ಬೇಕಾಗಿಲ್ಲ ಅಮ್ಮ."

ಅತ್ತೆಯ ಕೈ ಚೀಲದೊಳಗೇ ನಿಂತಿತ್ತು. ಅವರು ಮಗಳ ಕೈ ನೋಡಿದರು, ಆಮೇಲೆ ಮುಖ ನೋಡಿದರು. ಗೊತ್ತಿಲ್ಲದವರ ಹಾಗೆ ಇರಲು ಇನ್ನು ಅವರಿಗೆ ಜಾಗ ಉಳಿದಿರಲಿಲ್ಲ.

"ಎಲ್ಲಾ ಮನೇಲೂ ಒಂದು ಮಾತು ಬರತ್ತೆ, ಹೋಗತ್ತೆ..." ಅಳಿಯ ಶುರು ಮಾಡಿದ.

ಅತ್ತೆ ಚೀಲದಿಂದ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟರು. "ನೀವು ಹೊರಡಿ ಅಳಿಯಂದ್ರೇ" ಎಂದರು.

"ಅಲ್ಲ, ನೀವೇ ತಾನೇ ಕರೆಸಿದ್ದು?"

"ಕರೆಸಿದ್ದೆ. ನಂದೇ ತಪ್ಪು. ಹೊರಡಿ."

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ನೊರೆಯಮ್ಮ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು. ಬಂದಿದ್ದ ಬೈಗುಳಗಳಲ್ಲಿ ಒಂದನ್ನೂ ಅವಳು ಬಳಸಬೇಕಾಗಲಿಲ್ಲ. ಅವನು ಹೋದಮೇಲೆ ಅತ್ತೆ ಮಂಚದಿಂದ ಏಳದೆ, ಮಗಳ ಕಡೆಗೆ ನೋಡಲೂ ಆಗದೆ, ಗೋಡೆಗೆ ಹೇಳುವವರ ಹಾಗೆ ಹೇಳಿದರು.

"ಸಂಬಳ ಬಂದ್ರೂ ಇಲ್ಲೇ, ಬರದಿದ್ರೂ ಇಲ್ಲೇ. ಕೇಳಿಸ್ತೇನೇ?"

ಗುಬ್ಬಿ ತಾಯಿಯ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತಳು. ಅತ್ತೆಯ ಬಟ್ಟೆಯೆಲ್ಲ ಬೂದಿಯಾಯಿತು. ನೊರೆಯಮ್ಮನೂ ಜೊತೆಗೆ ಅಳುತ್ತ ಕೂರಲು ಶನಿವಾರ ಬಿಡಬೇಕಲ್ಲ.

"ಸಂಬಳ ಯಾಕೆ ಬರಲ್ಲ ಅತ್ತೆ? ಬಂದೇ ಬರತ್ತೆ. ತಿಳಿಯನ್ನೆಲ್ಲ ಒಂದೇ ಡ್ರಮ್ಮಿಗೆ ಹಾಕ್ಬೇಕು ಈಗ. ಏಳು ಗುಬ್ಬಿ, ಆ ಕಡೆ ಹಿಡ್ಕೋ."

"ಅವಳ ಕೈ ಸುಟ್ಟಿದೆ, ಕಾಣಲ್ವಾ ನಿನಗೆ?" ಎಂದರು ಅತ್ತೆ. ಮಂಚದಿಂದ ಎದ್ದರು, ಹಿತ್ತಲಿಗೆ ನಡೆದರು, ಡ್ರಮ್ಮಿನ ಒಂದು ಬದಿಗೆ ಕೈ ಹಾಕಿದರು. "ಹೂಂ, ಎತ್ತು."